ಮುಟ್ಟಿನ ಬಣ್ಣ ನೀಲಿಯಲ್ಲ

ಟಿ.ವಿ.ಯ ಸ್ಯಾನಿಟರಿ ಪ್ಯಾಡ್ ಜಾಹೀರಾತುಗಳನ್ನು ನೆನಪಿಸಿಕೊಳ್ಳಿ. ಪ್ಯಾಡ್ ಮೇಲೆ ನೀಲಿ ದ್ರವ ಸುರಿಯುತ್ತದೆ, ಬಿಳಿ ಪ್ಯಾಂಟ್ ತೊಟ್ಟ ಹುಡುಗಿ ನಗುತ್ತಾ ಜಿಗಿಯುತ್ತಾಳೆ. ಅಲ್ಲಿ ರಕ್ತವಿಲ್ಲ, ಹೊಟ್ಟೆನೋವಿಲ್ಲ, ‘ಮುಟ್ಟು’ ಎಂಬ ಮಾತಿಲ್ಲ. ಇರುವುದು ‘ಆ ದಿನಗಳು’ ಮತ್ತು ಕಲೆಯ ಭಯ. ಈ ಮುಚ್ಚುಮರೆ ಅಂಗಡಿಯಲ್ಲೂ ಕಾಣುತ್ತದೆ. ಸೋಪು, ಪೇಸ್ಟನ್ನು ಹಾಗೆಯೇ ಕೈಗಿಡುವ ಅಂಗಡಿಯವರು ಪ್ಯಾಡನ್ನು ಮಾತ್ರ ಹಳೇ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕುತ್ತಾರೆ. ನಾಚಿಕೆಯನ್ನು ಹೋಗಲಾಡಿಸಬೇಕಾದ ಮಾಧ್ಯಮವೇ ಅದನ್ನು ಪೋಷಿಸುತ್ತಿದೆ.

ಮನೆಮಂದಿಯೆಲ್ಲ ಕೂತು ನೋಡುವಾಗ ರಕ್ತ ತೋರಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಸಿನಿಮಾದ ಹೊಡೆದಾಟದಲ್ಲಿ ಹರಿಯುವ ರಕ್ತವನ್ನು ಅದೇ ಮನೆಮಂದಿ ನೋಡುವುದಿಲ್ಲವೇ? ಬ್ರಿಟನ್ನಿನಲ್ಲಿ ಬಾಡಿಫಾರ್ಮ್ ಎಂಬ ಪ್ಯಾಡ್ ಬ್ರ್ಯಾಂಡ್ 2017ರಲ್ಲೇ ಜಾಹೀರಾತಿನಲ್ಲಿ ಕೆಂಪು ದ್ರವ ತೋರಿಸಿತು. ನಮ್ಮಲ್ಲಿ 2014ರ ವಿಸ್ಪರ್ ಪ್ಯಾಡ್ ಜಾಹೀರಾತು, ಮುಟ್ಟಾದವರು ಉಪ್ಪಿನಕಾಯಿ ಮುಟ್ಟಬಾರದೆಂಬ ನಂಬಿಕೆಯನ್ನೇ ಪ್ರಶ್ನಿಸಿತು. ಕಂಪನಿಗಳ ಕೆಲಸ ಮಾರಾಟವೇ ಹೊರತು ಪಾಠವಲ್ಲ ಎಂಬ ವಾದವೂ ಇದೆ. ಆದರೆ ಮನೆಯಲ್ಲೂ ಶಾಲೆಯಲ್ಲೂ ಯಾರೂ ಬಾಯಿಬಿಡದಿದ್ದಾಗ ಹುಡುಗಿಗೆ ಜಾಹೀರಾತೇ ಮೊದಲ ಪಾಠವಾಗುತ್ತದೆ. ಪ್ಯಾಡ್ ಯಾವಾಗ ಬದಲಿಸಬೇಕು, ಮುಟ್ಟಿನ ಬಟ್ಟೆಯನ್ನು ಬಿಸಿಲಿನಲ್ಲೇ ಏಕೆ ಒಣಗಿಸಬೇಕು, ರಕ್ತಸ್ರಾವ ಅತಿಯಾದರೆ ವೈದ್ಯರನ್ನು ಏಕೆ ಕಾಣಬೇಕು ಎಂಬುದನ್ನು ಪಿಸುಮಾತಿನಲ್ಲಿ ಕಲಿಸಲಾಗದು.

ಮಹಿಳೆಯರು ಬಹಿರಂಗವಾಗಿ ದನಿ ಎತ್ತಿದ ಮೇಲೆಯೇ 2018ರ ಜುಲೈನಲ್ಲಿ ಪ್ಯಾಡ್ ಮೇಲಿನ ಶೇ 12ರಷ್ಟು ಜಿಎಸ್‌ಟಿ ರದ್ದಾಯಿತು. ಹೆಸರಿಟ್ಟು ಮಾತಾಡಿದರೆ ಮಾತ್ರ ಹಕ್ಕು ಕೇಳಲು ಸಾಧ್ಯ. ಜಾಹೀರಾತುಗಳೂ ಪತ್ರಿಕೆಗಳೂ ಇನ್ನಾದರೂ ಮುಟ್ಟನ್ನು ಮುಟ್ಟು ಎಂದೇ ಕರೆಯಲಿ.