ಇಸ್ಕೈ ಬ್ಲೂ ಅಂದ್ರ ನಗಬ್ಯಾಡ್ರಿ

ಅಕ್ಕದೇರ, ವೈನಿದೇರ, ಮಕ್ಕಳಿಗಿ ಇಂಗ್ಲಿಷ್ ಬಣ್ಣ ಕಲಿಸೋ ಮುಂದ ನಾವು ಸ್ಪೆಲ್ಲಿಂಗ್ ಹಿಂದೇ ಬೀಳ್ತೀವಿ. ಮೊದಲು ಚಪ್ಪಾಳಿ ಹೊಡಸ್ರಿ ಅಂತೀನಿ ನಾ.

‘ಸ್ಕೈ-ಬ್ಲೂ’ ಅಂದ್ರ ಎರಡೇ ಚಪ್ಪಾಳಿ. ನಮ್ಮ ಕಲಬುರಗಿ ಬಾಯಾಗ ಅದು ‘ಇಸ್ಕೈ ಬ್ಲೂ’ ಆಗಿ ಮೂರು ಬೀಳ್ತಾವ, ಇಸ್ಕೂಲ್, ಇಸ್ಟೇಷನ್ ಅಂದಂಗ. ಉರ್ದು, ಹಿಂದಿ ಮಾತಾಡೋರಾಗೂ ಈ ರೂಢಿ ಅದ. ಶಬ್ದದ ಮೊದಲಿಗೇ ‘ಸ್ಕ’, ‘ಸ್ಟ’ ಬಂದ್ರ ನಾಲಿಗಿ ಮುಂದೊಂದು ‘ಇ’ ಇಟ್ಕೊಂಡು ಹತ್ತತದ. ಅದು ದಡ್ಡತನ ಅಲ್ಲ. ನಮ್ಮ ಓಣಿ ಹುಡುಗಿಗಿ ಸಾಲ್ಯಾಗ ಇದಕ್ಕೇ ಕ್ಲಾಸಿಗಿ ಕ್ಲಾಸೇ ನಕ್ಕಿತು. ಅಕಿ ಈಗ ಕೈ ಎತ್ತೋದೇ ಬಿಟ್ಟಾಳ. ಇದ್ಯಾವ ಸೀಮಿ ಕಲಿಕಿ?

ಗುಲ್-ಬರ್-ಗಾ ಅಂತಿದ್ದ ಊರು 2014ರ ನವೆಂಬರ್ 1ಕ್ಕ ಸರ್ಕಾರಿ ಕಾಗದದಾಗೂ ಕ-ಲ-ಬು-ರ-ಗಿ ಆತು. ಮೂರಿದ್ದದ್ದು ಐದಾತು, ಯಾರ ನಾಲಿಗಿನೂ ಮುರೀಲಿಲ್ಲ.

ಬರವಣಿಗಿನೂ ಮೋಸ ಮಾಡ್ತದ. ‘ರೆಡಿಶ್-ಬ್ರೌನ್’ ಬರಿಯೋದ್ರಾಗ ಡಿ ಎರಡು ಅವ, ಅದಕ್ಕ ನಾವು ‘ರೆಡ್ಡಿಶ್’ ಅಂತ ಒತ್ತತೀವಿ. ಕನ್ನಡದಾಗ ಒತ್ತು ಬರದ್ರ ಒತ್ತೇ ಓದಬೇಕಲ್ಲ; ಕತಿ ಬ್ಯಾರೆ, ಕತ್ತಿ ಬ್ಯಾರೆ. ಇಂಗ್ಲಿಷ್‌ನ್ಯಾಗ ಆ ಎರಡೂ ಡಿ ಸೇರಿ ಒಂದೇ ಸಪ್ಪಳ. ಸಾಲಿನ ಕೊನೀಗಿ ಪುಸ್ತಕದೋರು ಎರಡು ಡಿ ನಡುವ ಅಡ್ಡಗೆರಿ ಹಾಕಿ ಶಬ್ದ ಮುರೀತಾರ, ಅದು ಕಣ್ಣಿಗಿ, ಕಿವಿಗಲ್ಲ. ‘ಯೆಲೋ’ದಾಗಿನ ಎರಡು ಎಲ್ಲೂ ಹಂಗೇ.

ಒತ್ತಿ ಹೇಳೋ ಜಾಗಾನೂ ಸರೀತದ. ‘ದಿ ಸ್ಯಾರಿ ಈಸ್ ಡಾರ್ಕ್ ಗ್ರೀನ್’ ಅಂದ್ರ ಭಾರ ಗ್ರೀನ್ ಮ್ಯಾಲ. ‘ಎ ಡಾರ್ಕ್-ಗ್ರೀನ್ ಸ್ಯಾರಿ’ ಅಂದ್ರ ಡಾರ್ಕ್ ಮ್ಯಾಲ. ಸೀರಿ ಅಂಗಡ್ಯಾಗ ಕುಂತಾಗ ಇದನ್ನ ಮಕ್ಕಳ ಕೂಡ ಆಡ್ರಿ, ಹ್ಯಾಂಗೂ ಅಲ್ಲಿ ಹೊತ್ತು ಹೋಗ್ತದ.

ಮನ್ಯಾಗ ಕಲಸಾಕ ಜಿಐ ಮಾನ್ಯತೆ ಸಿಕ್ಕಿದ ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣು ಸಾಕು. ಸಿಪ್ಪಿ ತೋರಿಸಿ ರೆ-ಡಿಶ್-ಬ್ರೌನ್, ಮೂರು ಚಪ್ಪಾಳಿ. ಅದೇ ಹಣ್ಣಿಗಿ ಕನ್ನಡದಾಗ ಕೆಂಬಾಳೆ ಅಂತೂ ಅಂತಾರಂತ ಹೇಳ್ರಿ. ನಮ್ಮಲ್ಲಿ ‘ಕೆಂಪು’ ಮುಂದಿನ ಶಬ್ದದಾಗ ಕರಗತದ, ತಾವರೆ ಕೂಡಿದ್ರ ಕೆಂದಾವರೆ ಆಗಿ ‘ತ’ನೂ ಮೆತ್ತಗಾಗ್ತದ. ಇಂಗ್ಲಿಷ್ ಬಣ್ಣದ ಜೋಡಿ ಹಂಗ ಕರಗಲ್ಲ, ಎರಡೂ ಪೂರಾ ಉಳೀತಾವ. ಈ ಫರಕ ತಿಳಿದ ಕೂಸಿಗಿ ಎರಡೂ ಭಾಷಾ ಹಗುರಾಗ್ತಾವ.

ಇನ್ನ ‘ಇಸ್ಕೈ’ ಅನ್ನೋ ಕೂಸಿಗಿ ಹಾವಿನಂಗ ‘ಸ್ಸ್ಸ್’ ಅಂತ ಉದ್ದ ಎಳಿಸ್ರಿ, ಆಮ್ಯಾಲ ‘ಕೈ’ ಕೂಡಸ್ರಿ. ನಾಕು ಸಲ ಅನ್ನೋದ್ರಾಗ ಆ ‘ಇ’ ತಾನೇ ಉದುರ್ತದ.