ದೇಹಕ್ಕೆ ತಕ್ಕ ಆಹಾರ, ದೇಹಕ್ಕೆ ತಕ್ಕ ತೂಕ

ಕೊಳ್ಳೇಗಾಲ, ಹನೂರು, ಯಳಂದೂರು ಪಟ್ಟಣಗಳ ವಿದ್ಯಾವಂತರಲ್ಲಿ ದೇಹದ ತೂಕವನ್ನು ಇಳಿಸಬೇಕೆಂಬ ಹಂಬಲವು ಈಚೆಗೆ ಬಲವಾಗಿ ಕಂಡುಬರುತ್ತಿದೆ. ಆರೋಗ್ಯದ ಚಿಂತೆ ಹುಟ್ಟಿದುದು ಸಂತೋಷದ ಸಂಗತಿಯೇ ಸರಿ. ಆದರೆ ನೆರೆಮನೆಯವರು ಅನ್ನ ಬಿಟ್ಟರೆಂದು ತಾವೂ ಬಿಡುವುದು, ಮೊಬೈಲಿನಲ್ಲಿ ಕಂಡ ಪಥ್ಯವನ್ನು ಮನೆಮಂದಿಗೆಲ್ಲ ವಿಧಿಸುವುದು, ಇವು ವಿವೇಕದ ಲಕ್ಷಣಗಳಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚ್ಯಂಕವೇ ಇಂದು ಎಲ್ಲರ ಅಳತೆಗೋಲಾಗಿದೆ. ಈ ಲೆಕ್ಕದ ಮೂಲಪುರುಷನು ವೈದ್ಯನಲ್ಲ. ಬೆಲ್ಜಿಯಂ ದೇಶದ ಗಣಿತಜ್ಞನಾದ ಕ್ವೆಟಲೆಯು 1832ರಲ್ಲಿ ಇದನ್ನು ಸೂಚಿಸಿದುದು ಜನಸಮುದಾಯದ ಸರಾಸರಿಯನ್ನು ತಿಳಿಯಲೆಂದೇ ಹೊರತು ಒಬ್ಬೊಬ್ಬರ ರೋಗವನ್ನು ನಿರ್ಣಯಿಸಲೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ, ಏಷ್ಯಾದ ಅನೇಕರಿಗೆ ಸೂಚ್ಯಂಕವು 25ನ್ನು ಮುಟ್ಟುವ ಮೊದಲೇ ಸಿಹಿಮೂತ್ರ, ಹೃದ್ರೋಗಗಳ ಅಪಾಯವುಂಟೆಂದು ಕಂಡು, 23ರಿಂದಲೇ ಎಚ್ಚರವಿರಬೇಕೆಂದರು. ಏಷ್ಯಾದವರೆಲ್ಲರಿಗೂ ಒಂದೇ ಗೆರೆಯನ್ನು ಎಳೆಯಲಾಗದೆಂಬುದನ್ನೂ ಒಪ್ಪಿಕೊಂಡರು. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು, ಸೂಚ್ಯಂಕವೊಂದನ್ನೇ ನಂಬಿ ವ್ಯಕ್ತಿಯ ಸ್ಥೂಲತೆಯನ್ನು ನಿರ್ಣಯಿಸಬಾರದೆಂದು ಹೇಳಿತು.

ನಮ್ಮ ಸೀಮೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡೋಣ. ಕೊಳ್ಳೇಗಾಲದ ಕಚೇರಿಯ ಗುಮಾಸ್ತರೊಬ್ಬರು, ಹನೂರಿನ ಮಳೆಯಾಶ್ರಯದ ಹೊಲದಲ್ಲಿ ದುಡಿಯುವ ರೈತರೊಬ್ಬರು, ಇಬ್ಬರೂ 160 ಸೆಂಟಿಮೀಟರ್ ಎತ್ತರ, 62 ಕಿಲೋ ತೂಕದವರೆಂದಿಟ್ಟುಕೊಳ್ಳೋಣ. ಇಬ್ಬರ ಸೂಚ್ಯಂಕವೂ 24. ಆದರೆ ಒಬ್ಬರಲ್ಲಿ ಹೊಟ್ಟೆಯ ಕೊಬ್ಬು ಹೆಚ್ಚಿರಬಹುದು; ಇನ್ನೊಬ್ಬರಲ್ಲಿ ತೋಳುತೊಡೆಗಳ ಮಾಂಸಖಂಡ. ರೈತರು ಉಣ್ಣುವ ಎರಡು ಮುದ್ದೆ ಹೊಲದಲ್ಲಿ ಕರಗುವುದು. ಗುಮಾಸ್ತರಿಗೆ ಅಷ್ಟೇ ಉಣಿಸಿದರೆ ಸೊಂಟದಲ್ಲಿ ನಿಲ್ಲುವುದು. ದೋಷವು ರಾಗಿಯದಲ್ಲ.

ಅವಿವೇಕದ ಪಥ್ಯದಿಂದ ಕೇಡೂ ಉಂಟು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತರೋಗವು ಕಂಡುಬಂದಿದೆ. ಆ ರೋಗವಿದ್ದವರು ನೀರನ್ನೂ ಬಿಟ್ಟು ಉಪವಾಸವಿದ್ದರೆ ನೋವು ಉಲ್ಬಣಿಸಬಹುದು. ಸಿಹಿಮೂತ್ರಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರೆ ರಕ್ತದ ಸಕ್ಕರೆ ಕುಸಿದು ದಾರಿಯಲ್ಲಿಯೇ ಮೂರ್ಛೆ ಹೋಗಬಹುದು. ಗರ್ಭಿಣಿಯಾದ ಬಡಕಲು ತಾಯಿಯ ತೂಕವು ಏರಬೇಕಲ್ಲದೆ ಇಳಿಯಬಾರದು.

ಇದು ನಮ್ಮ ಹಿರಿಯರಿಗೆ ತಿಳಿಯದ ಮಾತಲ್ಲ. ಚರಕಸಂಹಿತೆಯು ಆಹಾರದಲ್ಲಿ ವಿಚಾರಿಸಬೇಕಾದ ಎಂಟು ಅಂಶಗಳನ್ನು ಎಣಿಸುವಾಗ ಪದಾರ್ಥ, ಪ್ರಮಾಣ, ದೇಶ, ಕಾಲಗಳೊಡನೆ ಉಣ್ಣುವವನನ್ನೂ ಒಂದು ಅಂಶವಾಗಿ ಸೇರಿಸಿದೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಗಾದೆ. ಊಟ ಬಿಟ್ಟವನಿಗೆ ರೋಗವಿಲ್ಲವೆಂದು ಯಾರೂ ಹೇಳಲಿಲ್ಲ.

ಹಾಗೆಂದು ಅಳತೆಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90, ಹೆಂಗಸರದು 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂಬುದು ವೈದ್ಯರ ಮತ. ಮೂವತ್ತು ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಸೊಂಟದ ಅಳತೆ, ದೇಹಶ್ರಮ, ಮನೆತನದ ರೋಗ ಇವುಗಳಿಗೆ ಸ್ಥಳವಿದೆ. ಆ ಕಾಗದವು ಕಡತವನ್ನು ಸೇರಿ ಸುಮ್ಮನಾಗದೆ, ವೈದ್ಯರ ಮೇಜಿನ ಮೇಲೆ ರಕ್ತಪರೀಕ್ಷೆಯ ವಿವರದೊಡನೆ ಇರಬೇಕು. ಅದನ್ನು ನೋಡಿಯೇ ಒಬ್ಬೊಬ್ಬರಿಗೆ ಇಷ್ಟು ಊಟ, ಇಷ್ಟು ನಡಿಗೆ, ಇಷ್ಟು ತೂಕವೆಂದು ಹೇಳಬೇಕು. ಮೂರು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಇದಕ್ಕೆ ಏರ್ಪಾಡು ಮಾಡಬೇಕೆಂದು ನಮ್ಮ ಒತ್ತಾಯ. ವಾಚಕ ಮಹಾಶಯರಾದರೂ ಪಥ್ಯವನ್ನು ಹಿಡಿಯುವ ಮುನ್ನ, ಅದು ತಮ್ಮ ದೇಹಕ್ಕೆ ಒಗ್ಗುವುದೇ ಎಂದು ವೈದ್ಯರನ್ನು ಕೇಳಿಕೊಳ್ಳಲಿ. ಅನ್ಯರ ಅಂಗಿಯನ್ನು ತೊಡಲು ಒಪ್ಪದ ನಾವು ಅನ್ಯರ ಪಥ್ಯವನ್ನು ತೊಡುವುದು ಸರಿಯಲ್ಲ.