ಮೀಟರ್ ನಂಬಿ ಕಾರು ಕೊಳ್ಳಬೇಡಿ!

ಕೂಡಿಟ್ಟ ದುಡ್ಡಿನಲ್ಲಿ ಹಳೇ ಕಾರು ಕೊಳ್ಳಲು ಹೋದಾಗ ಪಾಲಿಷ್ ನೋಡಿ ಮರುಳಾಗಬೇಡಿ. ಮೀಟರ್ ತಿರುಗಿಸಿ 1 ಲಕ್ಷ ಕಿಲೋಮೀಟರನ್ನು 40 ಸಾವಿರ ಮಾಡುವವರಿದ್ದಾರೆ. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಗಾಡಿ ಬಿಟ್ಟಾಗಲೆಲ್ಲ ದಿನಾಂಕ, ಕಿಲೋಮೀಟರ್ ದಾಖಲಾಗುತ್ತದೆ. ಮಾಲೀಕನನ್ನೇ ಕರೆದೊಯ್ದು ಅದನ್ನು ತೆಗೆಸಿ ನೋಡಿ. ಬರಲೊಲ್ಲೆ ಎಂದರೆ ಆ ಕಾರೇ ಬೇಡ.

'ಎಕ್ಸ್‌ಟೆಂಡೆಡ್ ವಾರಂಟಿ ಇದೆ ಸಾರ್' ಎನ್ನುತ್ತಾರೆ. ಯಾರ ವಾರಂಟಿ? ಕಾರು ಕಂಪನಿಯದೋ, ಮಾರುವವನದೋ? ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ಸರ್ವೀಸ್ ಆಗಿಲ್ಲವೆಂದರೆ ಕ್ಲೇಮು ಕೊಡದಿರಲು ಅಷ್ಟೇ ನೆಪ ಸಾಕು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಸಾಮಾನ್ಯವಾಗಿ ಅದರಲ್ಲಿ ಸೇರುವುದೇ ಇಲ್ಲ. ಈ ಷರತ್ತುಗಳೆಲ್ಲ ಇರುವುದು ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಅಚ್ಚಿನ ಕಸುಬಿನವನಾಗಿ ಹೇಳುತ್ತೇನೆ, ಜನ ಓದಲಿ ಎಂದು ಯಾರೂ ಅಷ್ಟು ಸಣ್ಣ ಅಕ್ಷರ ಹಾಕಿಸುವುದಿಲ್ಲ. ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ, ಬರೆಸಿಕೊಳ್ಳಿ. ಮುಂಗಡ ಆಮೇಲೆ.